ನೂಡಲ್ಸಿಗೆ ತಂದ ಕಾಯಿ

ನಮ್ಮ ತಿಪಟೂರಿನ ಚೈನೀಸ್ ಹೋಟೆಲಿಗೂ ಚೀನಾ ದೇಶಕ್ಕೂ ಇರುವ ಸಂಬಂಧವೆಂದರೆ ಗೋಡೆಯ ಮೇಲಿನ ಒಂದು ಡ್ರ್ಯಾಗನ್. ಅದನ್ನು ಬರೆದವನು ಲಾರಿಗಳ ಹಿಂಭಾಗಕ್ಕೆ ಹುಲಿ ಬರೆಯುವ ಪೇಂಟರು. ಹಾಗಾಗಿ ಡ್ರ್ಯಾಗನ್ನಿಗೆ ಹುಲಿಯ ಮೀಸೆಯೂ ಪಟ್ಟೆಯೂ ಬಂದುಬಿಟ್ಟಿವೆ. ಮಾಲೀಕರು ಹುಳಿಯಾರು ಕಡೆಯವರು. ಅದೇ ಜಾಗದಲ್ಲಿ ಮೊದಲು ಇಡ್ಲಿ-ವಡೆ ಹೋಟೆಲು ನಡೆಸುತ್ತಿದ್ದರು. ಇಡ್ಲಿ ತಿನ್ನುವವರು ಕಡಿಮೆಯಾಗಿ ಗೋಬಿ ತಿನ್ನುವವರು ಹೆಚ್ಚಾದಾಗ ಬೋರ್ಡು ಬದಲಾಯಿಸಿ, ಎರಡು ಕೆಂಪು ಲಾಟೀನು ತೂಗುಹಾಕಿ ಚೈನೀಸ್ ಆದರು. ಗಲ್ಲಾದ ಹಿಂದಿನ ದೇವರ ಫೋಟೋ, ಅದರ ಮುಂದಿನ ಕುಂಕುಮದ ಬಟ್ಟಲು, ಸ್ಟೀಲಿನ ನೀರಿನ ಜಗ್ಗು, ಬೋರ್ಡಿನ ಮೂಲೆಯ 'ಶುದ್ಧ ಸಸ್ಯಾಹಾರಿ', ಎಲ್ಲ ಹಾಗೇ ಉಳಿದುಕೊಂಡವು.

ನಾನು ಇದೇ ಊರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಡಬ್ಬಿ ತರದ ದಿನ ಅಲ್ಲಿಗೇ ಹೋಗುವುದು. ಒಬ್ಬಳೇ ಕೂತು ತಿನ್ನುವ ಹೆಂಗಸನ್ನು ಯಾರೂ ತಿರುಗಿ ನೋಡದ ಹೋಟೆಲು ನಮ್ಮೂರಲ್ಲಿ ಅದೊಂದೇ. ಅಲ್ಲಿ ಎಲ್ಲರಿಗೂ ಅವರವರ ತಟ್ಟೆಯ ನೂಡಲ್ಸ್ ಸಂಭಾಳಿಸುವುದೇ ದೊಡ್ಡ ಕೆಲಸವಾಗಿರುತ್ತದೆ.

ಮನೆಯಲ್ಲಿ ಇರುವವರು ನಾನು ಮತ್ತು ಅಮ್ಮ. ಅಪ್ಪ ತೀರಿಕೊಂಡ ಮೇಲೆ ಕಿಬ್ಬನಹಳ್ಳಿ ಕಡೆಯ ಚೂರು ತೆಂಗಿನ ತೋಟವನ್ನು ಗುತ್ತಿಗೆಗೆ ಕೊಟ್ಟು, ಅಮ್ಮ ತನ್ನ ಪೂರ್ತಿ ಗಮನವನ್ನು ನನ್ನ ಮದುವೆಯ ಕಡೆ ತಿರುಗಿಸಿದಳು. ಗಂಡಿನ ಕಡೆಯವರು ಬರುವುದು, ನಾನು ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ಬರುವುದು, ಅವರು ತಿಂದು ಕೈತೊಳೆದು ತೋಟದ ಅಳತೆ ಕೇಳಿ ಹೊರಡುವುದು. ಆಮೇಲೆ ದಲ್ಲಾಳಿಯ ಫೋನು: ಜಾತಕ ಕೂಡಲಿಲ್ಲವಂತೆ. ನಮ್ಮ ಕಡೆ ತೋಟದ ಗಂಡುಗಳಿಗೆ ಹೆಣ್ಣೇ ಸಿಗುತ್ತಿಲ್ಲ ಅಂತ ಊರೆಲ್ಲ ಗೋಳಾಡುತ್ತಿರುವ ಕಾಲ ಇದು. ಇಂಥ ಕಾಲದಲ್ಲೂ ನನ್ನನ್ನು ಬೇಡ ಅನ್ನುವವರು ಹುಡುಕಿಕೊಂಡು ಬರುತ್ತಿದ್ದರು. ಅದೂ ಒಂದು ಸಾಧನೆಯೇ.

ನನಗೆ ಸಿಟ್ಟು ಬರುತ್ತಿದ್ದದ್ದು ಬೇಡ ಅಂದದ್ದಕ್ಕಲ್ಲ. ಆ ಗಂಡುಗಳಲ್ಲಿ ಅರ್ಧ ಜನ ನನಗೂ ಬೇಡವಾಗಿದ್ದರು. ಆದರೆ ಅದನ್ನು ಹೇಳಲು ಒಬ್ಬರಾದರೂ ನನ್ನನ್ನು ಕೇಳಬೇಕಲ್ಲ. ಇತ್ತ ಒಂದೊಂದು ಫೋನು ಬಂದಾಗಲೂ ಅಮ್ಮ ಒಂದಿಷ್ಟು ಕುಗ್ಗುತ್ತಿದ್ದಳು. ಮೊದಲು ದಿನಾ ಸಂಜೆ ಎದುರುಮನೆಯ ಜಗಲಿಗೆ ಹೋಗಿ ಕೂರುತ್ತಿದ್ದವಳು ನಿಲ್ಲಿಸಿಯೇಬಿಟ್ಟಳು. ಅಲ್ಲಿ ಕೂತರೆ 'ಏನಾಯ್ತು ಆ ಹುಡುಗನ ಕಡೆಯೋರು' ಅಂತ ಕೇಳುತ್ತಾರಲ್ಲ.

ಹೀಗಿರುವಾಗ ಶೆಟ್ಟಿಕೆರೆ ಕಡೆಯ ಒಂದು ಸಂಬಂಧ ಬಂತು. ನಾನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟೆ. ಉಪ್ಪಿಟ್ಟು ಮಾಡುವುದಿಲ್ಲ, ತಟ್ಟೆ ಹಿಡಿಯುವುದಿಲ್ಲ. ಚೈನೀಸ್ ಹೋಟೆಲಿಗೆ ಬರಲಿ. ಅವರ ಎದುರು ನಾನೂ ಕೂತು ತಿನ್ನುತ್ತೇನೆ. ಏನೇ ತೀರ್ಮಾನವಾದರೂ ಮೊದಲು ನನ್ನನ್ನು ಕೇಳಬೇಕು.

"ಹೋಟ್ಲಲ್ಲಿ ಹೆಣ್ಣು ತೋರ್ಸದೇನೇ? ನಿಂಗೇನ್ ಬಂದೈತೆ ಕಣೇ?" ಅಂತ ಅಮ್ಮ ಗಲಾಟೆ ಮಾಡಿದಳು. ಆದರೆ ಆ ಕಡೆಯವರು ಒಂದೇ ಮಾತಿಗೆ ಒಪ್ಪಿಬಿಟ್ಟರು. ಅವರ ಮನೆಯಲ್ಲಿ ಅಪ್ಪ, ಮಗ ಇಬ್ಬರೇ, ಹೆಂಗಸರಿಲ್ಲ. ಊಟ ಯಾರು ಬಡಿಸಿದರೂ ಸರಿ ಅನ್ನುವ ಸ್ಥಿತಿ.

ಭಾನುವಾರ ಮಧ್ಯಾಹ್ನ ಬಂದರು. ಅಪ್ಪ ಬಿಳಿ ಪಂಚೆ, ಶರಟು, ಹೆಗಲಿಗೆ ಟವೆಲು, ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಕಾಯಿ ಇದೆ ಅನ್ನುವುದನ್ನು ನಮ್ಮೂರಲ್ಲಿ ಯಾರೂ ಇಣುಕಿ ನೋಡಬೇಕಾಗಿಲ್ಲ. ತೋಟ ಇರುವವರು ಎಲ್ಲಿಗೆ ಹೊರಟರೂ ಬರಿಗೈಯಲ್ಲಿ ಹೋಗುವುದಿಲ್ಲ. ನಮ್ಮ ಲ್ಯಾಬಿಗೆ ಸಕ್ಕರೆ ಕಾಯಿಲೆ ನೋಡಿಸಲು ಬರುವವರೂ ಜುಟ್ಟು ಬಿಟ್ಟು ಸುಲಿದ ಕಾಯಿಯೊಂದನ್ನು ಮೇಜಿನ ಮೇಲಿಟ್ಟೇ ತೋಳು ಚಾಚುತ್ತಾರೆ. ಹುಡುಗ ಸಾಧಾರಣ ಎತ್ತರ, ಬಿಸಿಲಿಗೆ ಕಪ್ಪಾದ ಮುಖ, ಹೆಚ್ಚು ಮಾತಿಲ್ಲ. ಲ್ಯಾಬಿನಲ್ಲಿ ಏನು ಕೆಲಸ ಅಂತ ಕೇಳಿದ. ನಾನು ಹೇಳಲು ಶುರುಮಾಡಿದರೆ ನಿಲ್ಲಿಸುವವಳಲ್ಲ. ರಕ್ತ ತೆಗೆಯುವುದರಿಂದ ಹಿಡಿದು ಹೊಸದಾಗಿ ಬಂದ ಮೆಷೀನಿನವರೆಗೆ ಎಲ್ಲ ಹೇಳಿದೆ. ಊಟದ ಮುಂದೆ ರಕ್ತದ ಮಾತು ಯಾಕೆ ಅಂತ ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಸೂಪು, ಗೋಬಿ, ನೂಡಲ್ಸ್ ಹೇಳಿದೆ. ಸೂಪನ್ನು ಇಬ್ಬರು ಹಿರಿಯರೂ ಸಾರು ಅಂದುಕೊಂಡು ಅನ್ನಕ್ಕಾಗಿ ಕಾದರು. ಅದು ಬರುವುದಿಲ್ಲ ಅಂತ ತಿಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಕುಟುಂಬಗಳ ನಡುವೆ ಆವತ್ತು ಮೂಡಿದ ಮೊದಲ ಒಮ್ಮತ ಅದು. ನೂಡಲ್ಸ್ ಬಂತು. ಗಂಡಿನ ಕಡೆಯ ಹಿರಿಯರು ಫೋರ್ಕಿನಲ್ಲಿ ಎತ್ತುತ್ತಾರೆ, ಅದು ಜಾರಿ ತಟ್ಟೆಗೇ ಬೀಳುತ್ತದೆ, ಮತ್ತೆ ಎತ್ತುತ್ತಾರೆ. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ನಗು ತಡೆದುಕೊಳ್ಳುತ್ತಿದ್ದರು. ಆಗ ಹುಡುಗ ತನ್ನ ಫೋರ್ಕನ್ನು ಪಕ್ಕಕ್ಕಿಟ್ಟು, ಏನೂ ಆಗಿಲ್ಲವೆಂಬಂತೆ ಕೈಹಾಕಿ ಕಲೆಸಿ ತಿನ್ನತೊಡಗಿದ. ಅವನ ಅಪ್ಪನೂ ಕೈಹಾಕಿದರು. ಅಮ್ಮನೂ ನಿಟ್ಟುಸಿರು ಬಿಟ್ಟು ಕೈಹಾಕಿದಳು. ಫೋರ್ಕು ಹಿಡಿದುಕೊಂಡು ಉಳಿದವಳು ನಾನೊಬ್ಬಳೇ.

ಬಾಯಿಗಿಟ್ಟ ಮೇಲೆ ಹಿರಿಯರ ಮುಖ ಅರಳಿತು. "ಶಾವ್ಗೆ ಅಲ್ವೇನ್ಲಾ ಇದು!" ಅಂದರು ಮಗನಿಗೆ. ನಮ್ಮ ಕಡೆ ಒತ್ತುಶಾವಿಗೆ ಅಂದರೆ ಹಬ್ಬದ ಊಟ. ಬಿಸಿ ಶಾವಿಗೆಯ ಮೇಲೆ ಬೆಲ್ಲ ಹಾಕಿದ ಕಾಯಿಹಾಲು ಸುರಿದರೆ ಬೇರೆ ಮಾತೇ ಇಲ್ಲ. ಹಿರಿಯರು ಆ ಕಾಯಿಹಾಲಿಗಾಗಿ ಮೇಜೆಲ್ಲ ಹುಡುಕಿದರು. ಸಿಕ್ಕಿದ್ದು ಕೆಂಪು ಸಾಸು, ಹಸಿರು ಸಾಸು, ಒಂದು ಕರಿ ಸಾಸು.

"ಕಾಯಾಲು ಎಲ್ಲಪ್ಪ?" ಅಂತ ಮಾಲೀಕರನ್ನು ಕೇಳಿದರು.

"ಚೈನೀಸಿಗೆ ಕಾಯಿ ಹಾಕಲ್ಲ ಯಜಮಾನ್ರೇ. ಕಾಯೇ ಇಟ್ಟಿಲ್ಲ."

"ಕಾಯಿ ಇಟ್ಟಿಲ್ವಾ? ತಿಪಟೂರ್ನಾಗೆ?"

ಹಿರಿಯರಿಗೆ ನಿಜವಾಗಿ ನೋವಾಯಿತು. ಹೋಟೆಲಿನ ಮೇಲೆ ಕನಿಕರವೂ ಬಂತು. ಪಾಪ, ಇಲ್ಲದವರು. ಎಡಗೈಯಿಂದಲೇ ಚೀಲ ಬಿಚ್ಚಿದರು, ಬಲಗೈಯನ್ನು ಟವೆಲಿಗೆ ಒರೆಸಿಕೊಂಡರು, ಎರಡು ಕಾಯಿ ತೆಗೆದರು. ತುರಿಯುವ ಕೆಲಸ ಹೆಂಗಸರದು, ಹತ್ತಿರದಲ್ಲಿದ್ದ ಹೆಂಗಸು ಅಮ್ಮ. "ತಗಳವ್ವ" ಅಂತ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. ನಮ್ಮಲ್ಲಿ ಕಾಯಿಯನ್ನು ಒಂದು ಕೈಯಲ್ಲಿ ಯಾರೂ ಕೊಡುವುದಿಲ್ಲ.

ಹಾಗೆಯೇ, ಎರಡು ಕೈಯಲ್ಲಿ ಬರುವ ಜೋಡಿಕಾಯಿಯನ್ನು ನಮ್ಮ ಹೆಂಗಸರು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಗಂಡ ಇದ್ದವರಾಗಲಿ ಇಲ್ಲದವರಾಗಲಿ, ಸೆರಗು ಒಡ್ಡುತ್ತಾರೆ. ಇದರಲ್ಲಿ ಯೋಚನೆ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಕಣ್ಣಿನ ಮುಂದೆ ಏನೋ ಬಂದರೆ ರೆಪ್ಪೆ ಮುಚ್ಚುವುದಿಲ್ಲವೇ, ಹಾಗೆ. ಅಮ್ಮ ಎಂಜಲುಗೈಯನ್ನು ಹಿಂದಕ್ಕೆಳೆದುಕೊಂಡು, ಎಡಗೈಯಲ್ಲಿ ಸೆರಗು ಹರಡಿದಳು. ಕಾಯಿ ಮಡಿಲಿಗೆ ಬಿದ್ದವು.

ಬಿದ್ದ ಮೇಲೆ ಎಲ್ಲರಿಗೂ ಹೊಳೆಯಿತು. ಗಂಡಿನ ಅಪ್ಪ ಕೊಟ್ಟ ಜೋಡಿಕಾಯಿ ಹೆಣ್ಣಿನ ತಾಯಿಯ ಮಡಿಲಲ್ಲಿದೆ. ಹೆಣ್ಣು ಗಂಡು ಎದುರಿಗೇ ಕೂತಿದ್ದಾರೆ. ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೇನೂ ಅರ್ಥವಿಲ್ಲ, ಮಾತು ಮುಗಿಯಿತು ಅಂತಲೇ ಅರ್ಥ. ಹಿರಿಯರು ಬಾಯಿ ತೆರೆದರು. ತಾವು ಕೊಟ್ಟದ್ದು ತುರಿಯಲು ಅಂತ ಈಗ ಹೇಳಿದರೆ ಆ ಹೆಂಗಸಿಗೆ ಮರ್ಯಾದೆ ಏನು ಉಳಿಯುತ್ತದೆ? ಬಾಯಿ ಮುಚ್ಚಿಕೊಂಡರು. ಅಮ್ಮನ ಕಣ್ಣಲ್ಲಿ ನೀರಾಡಿತು. ಮಾಲೀಕರು ಎಷ್ಟು ಚೈನೀಸ್ ಆದರೇನು, ಹುಳಿಯಾರಿನವರು. ಗಲ್ಲಾದಿಂದ ಕುಂಕುಮದ ಬಟ್ಟಲು ಹಿಡಿದು ಓಡಿಬಂದರು. "ಒಳ್ಳೇದಾಯ್ತು ಕಣ್ರವ್ವ, ನಮ್ಮ ಹೋಟ್ಲಲ್ಲೇ ಆಯ್ತು" ಅಂದರು.

ನನ್ನ ಮದುವೆ ನಿಶ್ಚಯವಾಗಿತ್ತು. ನೂಡಲ್ಸಿಗೆ ಕಾಯಿಹಾಲು ಇಲ್ಲದ್ದಕ್ಕೆ. ನನ್ನನ್ನು ಮೊದಲು ಕೇಳಬೇಕು ಅನ್ನುವ ಒಂದೇ ಕಾರಣಕ್ಕೆ ಎಲ್ಲರನ್ನೂ ಡ್ರ್ಯಾಗನ್ನಿನ ಕೆಳಗೆ ತಂದು ಕೂರಿಸಿದವಳು ನಾನು. ಈಗಲೂ ಯಾರೊಬ್ಬರೂ ನನ್ನ ಕಡೆ ತಿರುಗಿರಲಿಲ್ಲ. ಮೈ ಉರಿದುಹೋಯಿತು.

ಹುಡುಗ ಎದ್ದ. "ಕೈ ತೊಳ್ಕೊಂಡ್ ಬರಾಣ ಬನ್ರೀ" ಅಂದ. ನನ್ನ ಕೈಗೆ ಏನೂ ಅಂಟಿರಲಿಲ್ಲ, ಆದರೂ ಹೋದೆ. ಬೇಸಿನ್ನು ಇರುವುದು ಅಡುಗೆಮನೆಯ ಬಾಗಿಲ ಪಕ್ಕ.

"ಅಪ್ಪ ತುರ್ಯಕ್ಕೆ ಅಂತ ಕೊಟ್ಟಿದ್ದು ಕಣ್ರೀ."

"ಗೊತ್ತಾಯ್ತು."

"ನಿಮ್ಮನ್ನ ಯಾರೂ ಕೇಳ್ಲೇ ಇಲ್ಲ."

ಈ ಮಾತನ್ನು ಯಾರಾದರೂ ಆಡಲಿ ಅಂತ ನಾನು ವರ್ಷಗಟ್ಟಲೆ ಕಾದಿದ್ದೆ. ಸುತ್ತಿಬಳಸಿ ಹೇಳುವುದೇಕೆ, ಅವನು ಇಷ್ಟವಾದ. ಫೋರ್ಕು ಪಕ್ಕಕ್ಕಿಟ್ಟಾಗಲೇ ಅರ್ಧ ಇಷ್ಟವಾಗಿದ್ದ, ಉಳಿದರ್ಧ ಬೇಸಿನ್ನಿನ ಮುಂದೆ ಆಯಿತು. ಕೇಳಿದರೆ ಹೂಂ ಅನ್ನುತ್ತೇನೆ ಅಂತ ಅಲ್ಲೇ ತೀರ್ಮಾನಿಸಿದೆ. ಆ ಸಂತೋಷದಲ್ಲಿ ಸ್ವಲ್ಪ ಉದಾರಿಯೂ ಆದೆ.

"ನಿಮ್ಮನ್ನೂ ಯಾರೂ ಕೇಳ್ಲಿಲ್ಲವಲ್ಲ. ನಿಮಗೇನನ್ಸುತ್ತೆ?"

ಅವನು ನಲ್ಲಿ ನಿಲ್ಲಿಸಿದ. "ಬೇಡ ಅನ್ಸುತ್ತೆ ಕಣ್ರೀ" ಅಂದ.

ಹೇಳಿದ್ದನ್ನು ಅಲ್ಲಿಗೇ ಬಿಡಲಿಲ್ಲ, ಕಾರಣವನ್ನೂ ಹೇಳಿದ. "ನೀವು ಲ್ಯಾಬಿನ ವಿಷ್ಯ ಹೇಳ್ವಾಗ ನೋಡ್ತಿದ್ದೆ. ಅದನ್ನ ನೀವು ಬುಡೋರಲ್ಲ. ನಮ್ಮನೇಗೆ ಹೊತ್ತಾರೆಯಿಂದ ಮನೇಲಿ ಇರೋರು ಬೇಕು. ಹಸ ಅವೆ, ಅಪ್ಪ ಅವ್ರೆ. ಒಂದ್ವರ್ಷ ಬಸ್ನಾಗೆ ಓಡಾಡ್ತೀರ, ಆಮೇಕೆ ನನ್ನ ಬೈಕೊಂಡು ಮನೇಲಿ ಉಳೀತೀರ. ಸುಳ್ಳು ಯಾಕೇಳ್ಲಿ."

ಅವನು ಹೇಳಿದ್ದು ನಿಜವಾಗಿತ್ತು. ಅಷ್ಟು ಜನ ನನ್ನನ್ನು ಬೇಡ ಅಂದಿದ್ದರು, ಜಾತಕದ ಮೇಲೆ ಹಾಕದೆ ಮುಖ ನೋಡಿ ಹೇಳಿದವನು ಇವನೊಬ್ಬನೇ. ಬೇಡ ಅನ್ನುವುದು ಹೇಗೆ ಅಂತ ನಾನು ಎಷ್ಟೋ ಸಲ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಎದುರಿಗೆ ನಿಂತು ಕೇಳಿಸಿಕೊಳ್ಳುವುದನ್ನು ಮಾತ್ರ ಅಭ್ಯಾಸ ಮಾಡಿರಲಿಲ್ಲ. ಅಳು ಬಂತು. ಗೋಬಿಯ ಖಾರ ಅಂತ ಹೇಳಿ ಮುಖ ತೊಳೆದುಕೊಂಡೆ.

ಅವನು ದನಿ ತಗ್ಗಿಸಿ ಹೇಳಿದ. "ನೀವೇ ಬೇಡ ಅಂದ್ಬುಡಿ. ನಾನಂದ್ರೆ ನಿಮ್ಮಮ್ಮ ನೊಂದ್ಕತಾರೆ. ನಮ್ಮಪ್ಪಂದೇನಿಲ್ಲ, ಹೆಣ್ಣಿನ ಕಡೆಯೋರು ಬೇಡ ಅನ್ನೋದು ಅವ್ರಿಗೆ ಅಭ್ಯಾಸ ಆಗೈತೆ."

ವಾಪಸು ಬಂದೆವು. ಅಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದಳು. ಮಡಿಲಿಗೆ ಬಿದ್ದ ಕಾಯಿಯನ್ನು ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ, ತೆಗೆದುಕೊಳ್ಳುವ ಪದ್ಧತಿಯೂ ಇಲ್ಲ. ನಾನು ಕೈಹಾಕಿ ಒಂದು ಕಾಯಿ ಎತ್ತಿಕೊಂಡೆ. "ಇದು ನೂಡಲ್ಸಿಗೆ ತಂದ ಕಾಯಿ. ತುರಿದು ಹಾಲು ತೆಗೀರಿ" ಅಂತ ಮಾಲೀಕರ ಕೈಗಿಟ್ಟೆ. ಅವರ ಒಂದು ಕೈಯಲ್ಲಿ ಕುಂಕುಮ, ಒಂದು ಕೈಯಲ್ಲಿ ಕಾಯಿ. ಯಾವುದನ್ನು ಎಲ್ಲಿಡಬೇಕು ಅಂತ ತಿಳಿಯದೆ ನಿಂತರು.

ಹಿರಿಯರು ಆವತ್ತು ಮೊದಲ ಸಲ ನೇರವಾಗಿ ನನ್ನನ್ನು ನೋಡಿದರು. "ಅಂಗಂದ್ರೆ ನಿಂಗೆ ಒಪ್ಗೆ ಇಲ್ವೇನವ್ವ?"

ಕೊನೆಗೂ ಕೇಳಿದ್ದರು. ನಾನು ಬೇಕು ಅಂದಿದ್ದ ಪ್ರಶ್ನೆಯನ್ನೇ, ಬೇಕು ಅಂದಿದ್ದ ಜಾಗದಲ್ಲೇ, ಎಲ್ಲರ ಮುಂದೆ. ಹುಡುಗ ತಲೆ ತಗ್ಗಿಸಿಕೊಂಡು ತಟ್ಟೆ ನೋಡುತ್ತಿದ್ದ.

"ಇಲ್ಲ, ನನಗೆ ಬೇಡ" ಅಂದೆ. ದನಿ ನಡುಗಲಿಲ್ಲ. ಅಷ್ಟು ವರ್ಷದ ಅಭ್ಯಾಸ ವ್ಯರ್ಥವಾಗಲಿಲ್ಲ ಅಂತ ಇಟ್ಟುಕೊಳ್ಳೋಣ.

ಹಿರಿಯರು "ಆಯ್ತು ಬುಡವ್ವ" ಅಂದರು. ಕಾಯಿಹಾಲು ಬಂತು. ಬೆಲ್ಲ ಇರಲಿಲ್ಲವಂತೆ, ಸಕ್ಕರೆ ಹಾಕಿದ್ದರು. ಹಿರಿಯರು ಅದನ್ನು ಎರಡನೇ ತಟ್ಟೆ ನೂಡಲ್ಸಿನ ಮೇಲೆ ಸುರಿದುಕೊಂಡು ಪೂರ್ತಿ ತಿಂದರು. ಹುಡುಗ ನನ್ನ ತಟ್ಟೆಗೂ ಎರಡು ಸೌಟು ಬಡಿಸಿದ. ಚೆನ್ನಾಗಿತ್ತು. ಬೇಡ ಅನ್ನಿಸಿಕೊಂಡವಳ ಹೊಟ್ಟೆಯೂ ಹಸಿಯುತ್ತದೆ ಅಂತ ನನಗೆ ತಿಳಿದದ್ದು ಆವತ್ತೇ.

ಇನ್ನೊಂದು ಕಾಯಿಯನ್ನು ಅಮ್ಮ ಬಿಟ್ಟುಕೊಡಲಿಲ್ಲ, ಸೆರಗಿನಲ್ಲೇ ಕಟ್ಟಿಕೊಂಡು ಆಟೋ ಹತ್ತಿದಳು. ಮನೆಗೆ ಬಂದವಳೇ ಚಿಕ್ಕಮ್ಮನಿಗೆ ಫೋನು ಮಾಡಿದಳು. "ಹುಡುಗ ಚಿನ್ನದಂಗವ್ನೆ ಕಣೇ. ಕಾಯಿ ಮಡ್ಲಿಗೆ ಬಿದ್ದಿತ್ತು. ಇವ್ಳೇ ಬೇಡ ಅಂದ್ಬುಟ್ಲು!" ಸಿಟ್ಟಿನಿಂದಲೇ ಶುರುಮಾಡಿದಳು. ಆದರೆ ಅದನ್ನೇ ದೊಡ್ಡಮ್ಮನಿಗೆ ಹೇಳಿದಳು, ಆಮೇಲೆ ಸೋದರತ್ತೆಗೆ ಹೇಳಿದಳು. ಹೇಳುತ್ತಾ ಹೇಳುತ್ತಾ 'ಇವ್ಳೇ' ಅನ್ನುವಾಗ ದನಿ ಏರತೊಡಗಿತು. ಸಂಜೆ ಮುಖ ತೊಳೆದು, ಸೀರೆ ಬದಲಾಯಿಸಿ, ಎಷ್ಟೋ ದಿನದ ಮೇಲೆ ಎದುರುಮನೆಯ ಜಗಲಿಗೆ ಹೋಗಿ ಕೂತಳು.

ಈಗಲೂ ಮನೆಗೆ ಯಾರೇ ಬರಲಿ, ಅಮ್ಮ ಆ ಕತೆ ತೆಗೆಯುತ್ತಾಳೆ. ಗಂಡಿನ ಕಡೆಯವರು ಕಾಯಿ ಹಿಡಿದು ಬಂದದ್ದು, ಹೋಟೆಲಿನವರು ಕುಂಕುಮ ತಂದದ್ದು, ಅಂಥ ಹುಡುಗನನ್ನು ನಮ್ಮವಳೇ ಬೇಡ ಅಂದದ್ದು. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನಿಜವಾಗಿಯೂ ಬೇಡ ಅಂದವಳ ಹಾಗೆ.