ಕಂಟ್ರೋಲ್ ಬಂದ್ ಆದ ಸುದ್ದಿ

ಗೆಳೆಯರೇ, ಇದನ್ನು ಇವತ್ತು ಮಧ್ಯಾಹ್ನ ನನಗೆ ಹೇಳಿದವಳು ಹುಮನಾಬಾದಿನ ನನ್ನ ಅಕ್ಕನ ಮಗಳು ರೇಖಾ. ನಿನ್ನೆ ಸಂಜೆ ವಿಡಿಯೋ ಗೇಮ್ ಆಡುವಾಗ ಅವಳ ಕೈಯಲ್ಲಿದ್ದ ಕಂಟ್ರೋಲರ್ ಕೆಟ್ಟಿತು. "ನಮ್ಮ ಕಂಟ್ರೋಲ್ ಬಂದ್ ಆಗ್ಯಾದ," ಎಂದು ಗೆಳತಿಗೆ ಫೋನಿನಲ್ಲಿ ಹೇಳಿದಳು.

ನಮ್ಮ ಕಡೆ ಕಂಟ್ರೋಲ್ ಎಂದರೆ ರೇಷನ್ ಅಂಗಡಿ. ಇದನ್ನು ಕೇಳಿಸಿಕೊಂಡ ಅವಳ ಅಜ್ಜಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಇವತ್ತು ಬೆಳಿಗ್ಗೆ ಹೆಂಗಸರೆಲ್ಲ ಚೀಲ ಹಿಡಿದು ಅಂಗಡಿಯವನನ್ನು ಸುತ್ತುವರಿದರು.

"ಏನಪಾ, ನಮ್ಮ ಅಕ್ಕಿ ಯಾಕ ಬಂದ್ ಮಾಡಿದಿ?" ಎಂದಳು ಅಜ್ಜಿ.

"ಯಾರ್ ಹೇಳ್ಯಾರಬೇ? ಹೆಬ್ಬಟ್ಟು ಇಡು, ಅಕ್ಕಿ ಒಯ್ಯಿ!"

ಚೀಲಕ್ಕೆ ಅಕ್ಕಿ ಬಿದ್ದ ಮೇಲೆಯೇ ಅಜ್ಜಿಗೆ ಹೋದ ಜೀವ ಬಂದದ್ದು. ಅಜ್ಜಿಯ ಜೊತೆ ಬಂದಿದ್ದ ರೇಖಾಳಿಂದ ನಿಜ ಸಂಗತಿ ತಿಳಿದ ಅಂಗಡಿಯವನು ಅವಳಿಗೆ ಕೈ ಮುಗಿದನಂತೆ: "ತಿಂಗಳಿಗೊಮ್ಮೆ ಅದನ್ನ ಕೆಡಸವ್ವಾ ತಾಯಿ, ಅಕ್ಕಿ ಒಯ್ರಿ ಅಂತ ಮಂದಿನ್ನ ಕರದು ಕರದು ನನ್ನ ಗಂಟಲಾ ಹರದದ!"