ಅಡಿಯಿಂದ ಓದುವವರು

ಮಾತಿನ ಹಿಂದೆ ಯಾರ ಅಧಿಕಾರವಿದೆ ಎಂದು ಹುಡುಕುವ ಸಂಕಥನ ಸಿದ್ಧಾಂತವನ್ನು ಆಗಷ್ಟೇ ಕಲಿತಿದ್ದೆ. ಹುಮ್ಮಸ್ಸು ಎಷ್ಟಿತ್ತೆಂದರೆ ಬಸ್ ಟಿಕೆಟ್ಟಿನಲ್ಲೂ ಅಧಿಕಾರ ಸಂಬಂಧ ಕಾಣುತ್ತಿತ್ತು. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳಿಗೆ ಜಮೀನು ಹೋದದ್ದನ್ನು ಪತ್ರಿಕೆಗಳು ಹೇಗೆ ಬರೆದವು ಎಂಬುದು ನನ್ನ ಎಂ.ಫಿಲ್ ವಿಷಯ. ಯಾರ ಮಾತಿಗೆ ಎಷ್ಟು ಜಾಗ ಎಂದು ಮೂರು ಬಣ್ಣದ ಪೆನ್ನು ಹಿಡಿದು ಎರಡು ತಿಂಗಳು ಗೀಟೆಳೆದಿದ್ದೆ.

ಊರಿನವರನ್ನು ಮಾತಾಡಿಸಲು ಹೋದಾಗ ಅಲ್ಲಿನ ಟೀ ಅಂಗಡಿಯಲ್ಲಿ ಸಿದ್ದೇಗೌಡರೆಂಬ ಹಿರಿಯರು ನನ್ನ ಕೈಗೆ ಪೇಪರ್ ಕೊಟ್ಟು, "ಕನ್ನಡಕ ತಂದಿಲ್ಲ, ಒಸಿ ಓದವ್ವ" ಅಂದರು. ತಲೆಬರಹದಿಂದ ಶುರುಮಾಡಿದೆ. ಬೆಂಚಿನಲ್ಲಿದ್ದವರೆಲ್ಲ ಒಟ್ಟಿಗೆ ಕೂಗಿದರು: "ಅಡಿಯಿಂದ ಓದವ್ವ, ಅಡಿಯಿಂದ!"

"ಯಾಕೆ?"

"ಮ್ಯಾಲೆ ಮಂತ್ರಿ ಇರ್ತಾನೆ, ಆಮ್ಯಾಕೆ ಕಂಪ್ನಿಯೋರು. ಜಮೀನು ಕೊಟ್ಟ ನಮ್ ಮಾತು ಕೊನೇ ಸಾಲ್ನಾಗೆ ಇರ್ತೈತೆ. ಜಾಗ ಸಾಲ್ದಿದ್ರೆ ಅದ್ನೂ ಕತ್ತರಿಸ್ಬುಡ್ತಾರೆ," ಅಂದರು ಗೌಡರು.

ನನ್ನ ಎರಡು ತಿಂಗಳ ಗೀಟು ಒಂದು ಟೀ ಆರುವಷ್ಟರಲ್ಲಿ ಮುಗಿದುಹೋಯಿತು! ನಗು ತಡೆಯಲಾಗದೆ ಚೂಡಿದಾರದ ಮೇಲೆಲ್ಲ ಟೀ ಚೆಲ್ಲಿಕೊಂಡೆ. ಅವರು ಹೇಳಿದ್ದನ್ನೇ ಹಿಡಿದು ಪ್ರಬಂಧ ಬರೆದು ಮುಗಿಸಿದೆ.

ಬೈಂಡಾದ ಪ್ರತಿಯನ್ನು ಕುಣಿಯುತ್ತ ಒಯ್ದು ಗೌಡರ ಕೈಗಿಟ್ಟೆ. ಈ ಸಲ ಕನ್ನಡಕ ಇತ್ತು. ರಟ್ಟಿನ ಚಿನ್ನದ ಅಕ್ಷರಗಳತ್ತ ಕಣ್ಣೂ ಹಾಯಿಸದೆ ಸೀದಾ ಕೊನೇ ಪುಟ ತೆಗೆದರು. ಅಲ್ಲಿತ್ತು, ಮಾಹಿತಿ ಕೊಟ್ಟವರ ಪಟ್ಟಿ: ಸಿದ್ದೇಗೌಡ, ರೈತರು.

"ಸಿಕ್ದೆ ಕಣ್ರಲಾ!" ಎಂದು ಬೆಂಚಿಗೆಲ್ಲ ತೋರಿಸಿದರು. ನನ್ನತ್ತ ತಿರುಗಿ, "ನೀನೂ ಪೇಪರ್ನೋರಂಗೇ ಮಾಡ್ಬುಟ್ಟೆ ಕಣವ್ವ. ಪರ್ವಾಗಿಲ್ಲ, ಕತ್ತರಿಸಿಲ್ಲ" ಅಂದರು.

ನನ್ನ ಮಾರ್ಗದರ್ಶಕರು ಮಾತ್ರ ಆ ಪ್ರಬಂಧವನ್ನು ಮೊದಲ ಪುಟದಿಂದಲೇ ಓದಿದ್ದರು. ಅವರ ಹೆಸರು ಅಲ್ಲೇ ಇತ್ತು.