ಹಗಲಲ್ಲಿ ಎಳೆದ ಪರದೆ

ಲಿಂಡೆನ್ ರಸ್ತೆಯಲ್ಲಿ ಯಾರಾದರೂ ತೀರಿಕೊಂಡರೆ ಹಾಡುಹಗಲಲ್ಲೇ ಮುಂದಿನ ಕೋಣೆಯ ಪರದೆ ಎಳೆಯುವವಳು ಈಗ ಎನಿಡ್ ಗ್ಯಾರಡ್ ಒಬ್ಬಳೇ. ಸತ್ತವರು ಮಣ್ಣಾಗುವ ತನಕ ಅದನ್ನು ತೆಗೆಯುವುದಿಲ್ಲ. ಈಚೆಗೆ ಬಂದ ಸಂಸಾರಗಳಿಗೆ ಇದು ತಿಳಿಯುವುದಿಲ್ಲ. “ತಲೆನೋವಾ ಎನಿಡ್?” ಎಂದು ಬೇಲಿಯಾಚೆಯಿಂದ ಕೇಳುತ್ತಾರೆ. “ಹೂಂ, ತಲೆನೋವೇ” ಅನ್ನುತ್ತಾಳೆ. ಬಿಡಿಸಿ ಹೇಳುವ ತಾಳ್ಮೆ ಅವಳಿಗಿಲ್ಲ, ಕೇಳುವ ಪುರಸೊತ್ತು ಅವರಿಗಿಲ್ಲ. ವಯಸ್ಸು ಎಂಬತ್ತು ದಾಟಿದೆ. ದುಡಿಯುವ ಕಾಲವೆಲ್ಲ ಪೇಟೆಯ ಬೂಟಿನ ಅಂಗಡಿಯಲ್ಲಿ ಮೊಣಕಾಲೂರಿ ಊರ ಮಕ್ಕಳ ಪಾದ ಅಳೆದಳು. ಮದುವೆಯಾಗಲಿಲ್ಲ. ಈ ರಸ್ತೆ ಬಿಟ್ಟು ಹೋಗಲೂ ಇಲ್ಲ. ನಿನ್ನ ಬದುಕಿನಲ್ಲಿ ಹೇಳುವಂಥದ್ದು ಏನಿದೆ ಎಂದು ಕೇಳಿದರೆ ಏನೂ ಇಲ್ಲ ಎಂದುಬಿಟ್ಟಾಳು. ಆ ಮಾತು ನಂಬಬೇಡಿ.

ಇದು ಅವಳ ಬಾಲ್ಯದ ಮಾತು, ಎರಡನೇ ಮಹಾಯುದ್ಧ ಮುಗಿದು ಆರು ವರ್ಷವಾಗಿತ್ತು. ಲಂಡನ್ನಿನ ದಕ್ಷಿಣದಂಚಿಗೆ, ರೈಲು ಇನ್ನು ಮುಂದಕ್ಕೆ ಹೋಗಲಾರೆ ಎಂದು ನಿಂತುಬಿಡುವ ಕಡೆಗೆ ಈ ರಸ್ತೆ. ಎರಡು ಬದಿಗೂ ಅವಳಿಜವಳಿ ಇಟ್ಟಿಗೆ ಮನೆಗಳು. ಒಂದು ತುದಿಯಲ್ಲಿ ಬಾಂಬು ಬಿದ್ದು ಎರಡು ಮನೆ ಹೋದ ಗುಂಡಿ, ಅದರ ತುಂಬ ಗುಲಾಬಿ ಬಣ್ಣದ ಕಾಡು ಹೂವು. ಬೀದಿಯ ಮಕ್ಕಳೆಲ್ಲ ಅಲ್ಲೇ ಆಡುತ್ತಿದ್ದವು. ಎನಿಡ್‌ಗೆ ಅಲ್ಲಿ ಕಾಲಿಡಲು ಅಪ್ಪಣೆ ಇರಲಿಲ್ಲ.

ಈ ಜನವೇ ಹೀಗೆ. ಬಾಂಬು ಬೀಳುವಾಗ ಅಡಗಲು ತೋಡಿದ ಒಂದೇ ತಗ್ಗಿನಲ್ಲಿ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವಂತೆ ಮಲಗಿದವರು, ಬಾಂಬು ನಿಂತ ಮೇಲೆ ಮೊದಲು ಮಾಡಿದ ಕೆಲಸ ಬೇಲಿ ಎತ್ತರಿಸಿದ್ದು! ಎನಿಡ್‌ಳ ತಾಯಿ ಮ್ಯೂರಿಯಲ್ ಅಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. “ನಮ್ಮ ಪಾಡಿಗೆ ನಾವು” ಎಂಬುದು ಅವಳ ಮಂತ್ರ. ಬೆಳಗಾದರೆ ಹೇಳುತ್ತಿದ್ದಳು, ದೀಪ ಆರಿಸುವಾಗಲೂ ಹೇಳುತ್ತಿದ್ದಳು. ಪಕ್ಕದ ಮನೆಯವರಿಗೆ ತಲೆಬಾಗಿಸಿ “ಇವತ್ತು ಮೋಡ ಅಲ್ವಾ” ಅಂದರೆ ಆ ದಿನದ ಮಾತು ಮುಗಿಯಿತು.

ಗಂಡ ವಿಲ್ಫ್ ಕ್ಷಯ ಹಿಡಿದು ಗುಡ್ಡದ ಮೇಲಿನ ಆಸ್ಪತ್ರೆ ಸೇರಿದ ಮೇಲೆ ಅವಳ ಬಾಯಿಗೆ ಪೂರ್ತಿ ಬೀಗ ಬಿತ್ತು. ಕಾಯಿಲೆ ಹೆಸರು ಹೇಳಿದರೆ ಜನ ಮಗಳನ್ನು ದೂರ ಇಡುತ್ತಾರೆಂಬ ಭಯ. ಅವನು ಆಸ್ಪತ್ರೆಯಲ್ಲಿದ್ದಾನೆ ಎಂಬಷ್ಟು ಮಾತ್ರ ಬೀದಿಗೆ ಗೊತ್ತಿತ್ತು. ತಾನು ಬಲ್ಬಿನ ಕಾರ್ಖಾನೆಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಒಂಬತ್ತು ವರ್ಷದ ಎನಿಡ್ ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ ಹಾಕಿಕೊಂಡು ಶಾಲೆಯಿಂದ ಬಂದು, ಹಿಂಬಾಗಿಲು ತೆಗೆದು, ಒಳಗಿನಿಂದ ಹಾಕಿಕೊಂಡು, ಬ್ರೆಡ್ಡಿಗೆ ಹಂದಿ ಕೊಬ್ಬು ಸವರಿ ತಿಂದು, ಮೆಟ್ಟಿಲ ಮೇಲೆ ಕೂತು ಗಡಿಯಾರ ಕೇಳುತ್ತಿದ್ದಳು. ಹೊರಗೆ ಗುಂಡಿಯಿಂದ ಮಕ್ಕಳ ಕೇಕೆ ಕೇಳಿಸುತ್ತಿತ್ತು. ಅವಳಿಗಿದ್ದ ಆಸೆ ಒಂದೇ. ಯಾರಾದರೂ ಬಂದು ಮುಂಬಾಗಿಲು ಬಡಿಯಬೇಕು. ಯಾರಾದರೂ ಸರಿ.

ಮುಂದಿನ ಕೋಣೆ ಅಂತ ಒಂದಿತ್ತು. ಮನೆಯಲ್ಲಿ ಬಿಸಿಲು ಬೀಳುವ, ಬೆಚ್ಚಗಿನ, ಚೆಂದದ ಕೋಣೆ ಅದೊಂದೇ. ಅದರಲ್ಲಿ ಯಾರೂ ಕೂರುವಂತಿಲ್ಲ! ಮೂರು ಜೀವ ಹಿಂದಿನ ಅಡುಗೆಮನೆಯಲ್ಲಿ ಮುದುರಿಕೊಂಡಿದ್ದವು, ಮುಂದಿನ ಕೋಣೆ ಬರುವ ನೆಂಟರಿಗೆ ಮೀಸಲು. ನೆಂಟರು ಬರುತ್ತಿರಲಿಲ್ಲ. ಕರೆದರಲ್ಲವೇ ಬರುವುದು? ಮದುವೆಗೆ ಕೊಂಡ ಹಸಿರು ಸೋಫಾ ಬಿಳಿ ಹೊದಿಕೆ ಹೊದ್ದು, ಪೆಟ್ಟಿಗೆಯಲ್ಲಿಟ್ಟ ಹೆಣದ ಹಾಗೆ ಅಲ್ಲಿ ಮಲಗಿರುತ್ತಿತ್ತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಎನಿಡ್ ಶಾಲೆಯಿಂದ ಬಂದು ನೋಡುತ್ತಾಳೆ, ಸೋಫಾದ ಮೇಲೆ ಹೊದಿಕೆಯಿಲ್ಲ. ತಾಯಿ ಬೆಳಿಗ್ಗೆ ಒಗೆದು ಹಿತ್ತಲ ತಂತಿಗೆ ಹಾಕಿ ಹೋಗಿದ್ದಳು, ಅದಿನ್ನೂ ಒದ್ದೆ. ಬಿಸಿಲು ಕಿಟಕಿಯಿಂದ ನುಗ್ಗಿ ನೆಟ್ಟಗೆ ಹಸಿರು ಬಟ್ಟೆಯ ಮೇಲೆ ಬಿದ್ದಿತ್ತು. “ಸೋಫಾದ ಬಣ್ಣ ಹೋದ್ರೆ ನಿನ್ನ ಚರ್ಮ ಸುಲಿದು ಹೊದಿಸ್ತೀನಿ” ಎಂದು ತಾಯಿ ಎಷ್ಟು ಸಲ ಹೇಳಿದ್ದಳೋ. ಎನಿಡ್ ಕುರ್ಚಿ ಹತ್ತಿ ಎರಡು ಕಡೆಯ ದಪ್ಪ ಪರದೆಯನ್ನೂ ಎಳೆದಳು. ಕೋಣೆ ಕತ್ತಲಾಯಿತು. ದೊಡ್ಡ ಕೆಲಸ ಮಾಡಿದೆ ಎಂದು ಕೈ ಕೊಡವಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು.

ಆ ಕಾಲದಲ್ಲಿ ಹಗಲು ಹೊತ್ತು ಮುಂದಿನ ಕೋಣೆಯ ಪರದೆ ಎಳೆದರೆ ಅರ್ಥ ಒಂದೇ: ಆ ಮನೆಯಲ್ಲಿ ಸಾವಾಗಿದೆ. ಅದನ್ನು ನೋಡಿದ ಮನೆಯವರೂ ತಮ್ಮ ಪರದೆ ಎಳೆಯಬೇಕು. ಯಾರೂ ಯಾರಿಗೂ ಹೇಳಿ ಕಳಿಸುವುದಿಲ್ಲ. ಎನಿಡ್‌ಗೂ ಇದು ಗೊತ್ತಿಲ್ಲದ್ದಲ್ಲ. ಆದರೆ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಸೋಫಾ ಬಿಟ್ಟು ಬೇರೇನೂ ಇರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು.

ಎದುರು ಮನೆಯ ಮಿಸೆಸ್ ಬ್ರಿಂಡಲ್, ದಪ್ಪನೆಯ ವಿಧವೆ, ಕೈಯಲ್ಲಿ ಹೂವಿನ ಚಿತ್ರದ ತಗಡಿನ ಡಬ್ಬಿ ಹಿಡಿದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

“ಅಯ್ಯೋ ನನ್ನ ಕಂದಾ. ಅಮ್ಮ ಎಲ್ಲಿ?”

“ಕಾರ್ಖಾನೇಲಿ.”

“ಇನ್ನೂ ಬಂದಿಲ್ವಾ? ಮಗೂನ ಒಂಟಿ ಬಿಟ್ಟು... ಬಾ ಇಲ್ಲಿ.” ಎನಿಡ್‌ಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಹಿಟ್ಟಿನ ವಾಸನೆ, ಸೋಪಿನ ವಾಸನೆ. ಹಾಗೆ ಯಾರಾದರೂ ಅಪ್ಪಿಕೊಂಡು ಎಷ್ಟು ಕಾಲವಾಗಿತ್ತೋ, ಹುಡುಗಿ ಯಾಕೆ ಎಂದು ಕೇಳುವುದನ್ನೇ ಮರೆತಳು.

ಅವಳ ಹಿಂದೆಯೇ, ಬಸ್ಸು ಓಡಿಸಿ ನಿವೃತ್ತಿಯಾದ ಮುದುಕ ಕಟ್‌ಬುಷ್ ಟೋಪಿ ಕೈಯಲ್ಲಿ ಹಿಡಿದು ಬಂದ. ಮೂಲೆಮನೆಯ ಅಕ್ಕತಂಗಿಯರು ಬಂದರು. ಎಲ್ಲರೂ ಮುಂದಿನ ಕೋಣೆಗೇ ಹೋದರು. ಎಲ್ಲರೂ ಆ ಸೋಫಾದ ಮೇಲೇ ಕೂತರು! ಎನಿಡ್ ಬಾಯಿ ಬಿಟ್ಟುಕೊಂಡು ನೋಡಿದಳು. ಯಾರೋ ಹೋಗಿ ಟೀಗೆ ನೀರಿಟ್ಟರು. ಗಾಜಿನ ಬೀರುವಿನಿಂದ ಚಿನ್ನದ ಅಂಚಿನ ಕಪ್ಪು ತೆಗೆದರು.

ಕಟ್‌ಬುಷ್ ಗಂಟಲು ಸರಿಮಾಡಿಕೊಂಡ. “ನಿಮ್ಮಪ್ಪ ಒಳ್ಳೆ ಮನುಷ್ಯ ಕಣಮ್ಮ. ಬೇಲಿ ಕತ್ತರಿಸೋ ಕತ್ತರಿ ಕೇಳಿದ್ದೆ, ಎರಡನೇ ಮಾತಾಡದೆ ಕೊಟ್ಟಿದ್ದ. ವಾಪಸ್ ಕೊಡೋದ್ರೊಳಗೆ ಹಿಂಗಾಯ್ತು.”

“ಕೊಟ್ಟಿದ್ದು ಯುದ್ಧಕ್ಕೆ ಮುಂಚೆ ಅಲ್ವೇನೋ?” ಎಂದು ಅಕ್ಕತಂಗಿಯರಲ್ಲಿ ದೊಡ್ಡವಳು ಮೆಲ್ಲಗೆ ತಿವಿದಳು.

“ಸಾವಿನ ಮನೇಲಿ ಲೆಕ್ಕ ತೆಗೀತೀಯಲ್ಲೇ ನೀನು!” ಎಂದ ಕಟ್‌ಬುಷ್.

ಸಾವಿನ ಮನೆ. ಎನಿಡ್ ಎಳೆದ ಪರದೆಯನ್ನು ನೋಡಿದಳು, ಮುದುಕನ ಕೈಯ ಟೋಪಿ ನೋಡಿದಳು. ಆಗ ತಿಳಿಯಿತು. ‘ಅಪ್ಪ ಸತ್ತಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಿಸೆಸ್ ಬ್ರಿಂಡಲ್ ಡಬ್ಬಿ ತೆಗೆದು ಒಣದ್ರಾಕ್ಷಿ ಕೇಕಿನ ಒಂದು ದಪ್ಪ ಹೋಳು ಅವಳ ಕೈಗಿಟ್ಟು, ಒಂದು ತೋಳು ಅವಳ ಹೆಗಲ ಮೇಲೆ ಹಾಕಿದಳು. ಹೇಳಿದರೆ ಈ ತೋಳು ಹೋಗುತ್ತದೆ. ಇವರೆಲ್ಲ ಎದ್ದು ಹೋಗುತ್ತಾರೆ. ಮತ್ತೆ ಮೆಟ್ಟಿಲು, ಮತ್ತೆ ಗಡಿಯಾರ. ಕೇಕು ಮುಗಿದ ಮೇಲೆ ಹೇಳೋಣ ಅಂದುಕೊಂಡಳು. ಚಿಕ್ಕ ಚಿಕ್ಕ ಚೂರು ಮಾಡಿ ತಿಂದಳು.

ಕೋಣೆಯಲ್ಲಿ ಮಾತು ಬೆಳೆಯಿತು. ವಿಲ್ಫ್ ಸಿಳ್ಳೆ ಹಾಕುತ್ತ ಸೈಕಲ್ ತುಳಿಯುತ್ತಿದ್ದದ್ದು, ಬಾಂಬು ಬಿದ್ದ ದಿನ ಇಟ್ಟಿಗೆ ಎತ್ತಿಹಾಕಿ ಯಾರದೋ ಬೆಕ್ಕು ಹೊರತೆಗೆದದ್ದು. ಅಪ್ಪನ ಬಗ್ಗೆ ಇವರಿಗೆ ಇಷ್ಟೆಲ್ಲ ಗೊತ್ತಿತ್ತೇ? ಗೊತ್ತಿದ್ದೂ ಇಷ್ಟು ದಿನ ಮೋಡದ ಮಾತಾಡಿದರೇ? ಕೇಕು ಮುಗಿಯಿತು. ಇನ್ನೊಂದು ಹೋಳು ಬಂತು. ಗೋಡೆಯ ಗಡಿಯಾರ ಆರು ಹೊಡೆಯಿತು. ಅಮ್ಮನ ಬಸ್ಸು!

“ಅಪ್ಪ ಸತ್ತಿಲ್ಲ” ಎಂದು ಗಟ್ಟಿಯಾಗಿ ಹೇಳಿದಳು.

ಮಿಸೆಸ್ ಬ್ರಿಂಡಲ್ ಅವಳ ತಲೆ ಸವರಿದಳು. “ಹಾಗೇ ಅನ್ಸುತ್ತೆ ಪುಟ್ಟಿ. ನಮ್ಮೆಜಮಾನ್ರು ಹೋದಾಗ ನಂಗೂ ಹಾಗೇ ಅನ್ಸಿತ್ತು.”

“ಇಲ್ಲ, ನಿಜವಾಗ್ಲೂ ಸತ್ತಿಲ್ಲ!”

“ಪಾಪ ಮಗು” ಎಂದು ಮೂಲೆಮನೆಯ ಚಿಕ್ಕವಳು ಕರವಸ್ತ್ರಕ್ಕೆ ಮುಖ ಮುಚ್ಚಿಕೊಂಡಳು.

ಎನಿಡ್ ಕೊಸರಿಕೊಂಡು ಓಡಿದಳು. ಹೊರಗೆ ಬಂದು ನೋಡಿದರೆ ರಸ್ತೆಯ ಎರಡು ಬದಿಗೂ ಒಂದೊಂದು ಮನೆಯೂ ಕಣ್ಣು ಮುಚ್ಚಿತ್ತು. ಅಷ್ಟು ಬಿಸಿಲಿನಲ್ಲಿ ಎಲ್ಲ ಪರದೆಗಳೂ ಎಳೆದಿದ್ದವು. ತಿರುವಿನಲ್ಲಿ ಬಸ್ಸಿಳಿದ ತಾಯಿ ನಿಂತಿದ್ದಳು. ಕೈಚೀಲ ಜಾರಿ ಬಿದ್ದು ಆಲೂಗೆಡ್ಡೆಗಳು ಉರುಳುತ್ತಿದ್ದವು. ತನ್ನ ಮನೆಯ ಕಿಟಕಿಯನ್ನೇ ನೋಡುತ್ತ ಮ್ಯೂರಿಯಲ್ ಯಾರದೋ ಕಾಂಪೌಂಡಿನ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿಯುತ್ತಿದ್ದಳು.

“ಅಮ್ಮಾ! ಸೋಫಾ! ಬಿಸಿಲು ಅಮ್ಮಾ, ಸೋಫಾ! ಅಪ್ಪ ಚೆನ್ನಾಗಿದ್ದಾನೆ!”

ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು. ಆಲೂಗೆಡ್ಡೆ ಒಂದೊಂದಾಗಿ ಆರಿಸಿಕೊಂಡು, ಟೋಪಿ ನೆಟ್ಟಗೆ ಮಾಡಿಕೊಂಡು, ಮನೆಯೊಳಗೆ ಹೋಗಿ ಸರ್ರನೆ ಪರದೆ ಎಳೆದು ತೆಗೆದಳು. ಸೋಫಾದ ಮೇಲಿದ್ದವರೆಲ್ಲ ಕಣ್ಣು ಕಿರಿದು ಮಾಡಿದರು.

“ನನ್ನ ಗಂಡ ಬದುಕಿದ್ದಾರೆ. ಬಟ್ಟೆ ಬಣ್ಣ ಹೋಗ್ಬಾರ್ದು ಅಂತ ಹುಡುಗಿ ಪರದೆ ಹಾಕಿದ್ಲು. ನಿಮಗೆಲ್ಲ ತೊಂದ್ರೆ ಆಯ್ತು. ಟೀ ಆಯ್ತು ತಾನೆ?”

ಅಷ್ಟು ಮರ್ಯಾದೆಯ ಮಾತು ಕಪಾಳಕ್ಕೆ ಹೊಡೆದಂತಿತ್ತು. ಒಬ್ಬೊಬ್ಬರೇ ಎದ್ದರು. “ಒಂದು ವಾರದ ಸಕ್ಕರೆ ಆ ಕೇಕಿಗೆ ಹೋಯ್ತು ನೋಡು” ಎಂದು ಮೂಲೆಮನೆಯ ದೊಡ್ಡವಳು ಬಾಗಿಲಲ್ಲಿ ಗೊಣಗಿದಳು. ಸಕ್ಕರೆ ಇನ್ನೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ.

“ಸಕ್ಕರೆ ನಂದು, ಹೊಟ್ಟೆಯುರಿ ನಿಂಗ್ಯಾಕೆ? ಬದುಕಿದ್ದಾನಲ್ಲ ಮನುಷ್ಯ, ಅಷ್ಟು ಸಾಕು” ಅಂದಳು ಮಿಸೆಸ್ ಬ್ರಿಂಡಲ್. ಆದರೆ ಅವಳ ಮುಖವೂ ಕೆಂಪಾಗಿತ್ತು. ಅವಸರದಲ್ಲಿ ಡಬ್ಬಿ ಬಿಟ್ಟು ಹೋದಳು.

ಆಮೇಲೆ ಆ ಬೀದಿ ಇನ್ನೂ ದೂರವಾಯಿತು. ಮೊದಲು ಮೋಡದ ಮಾತಾದರೂ ಇತ್ತು. ಈಗ ಮ್ಯೂರಿಯಲ್ ಬರುವುದು ಕಂಡರೆ ಜನ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಬದುಕಿರುವವನಿಗಾಗಿ ಅತ್ತುಬಿಟ್ಟೆವಲ್ಲ ಎಂಬ ನಾಚಿಕೆ. ನಕ್ಕು ಮುಗಿಸಬಹುದಿತ್ತು ಅದನ್ನು! ನಗಲು ಯಾರಿಗೂ ಬಾಯಿ ಬರಲಿಲ್ಲ. ಗುಂಡಿಯ ಹುಡುಗರಿಗೆ ಮಾತ್ರ ಬಾಯಿ ಇತ್ತು. “ಏ ಎನಿಡ್, ಇವತ್ತು ಯಾರನ್ನ ಸಾಯಿಸಿದೆ? ಕೇಕು ಉಳಿದಿದ್ರೆ ಹೇಳೇ!”

ಡಬ್ಬಿ ಅಡುಗೆಮನೆಯ ಬೀರುವಿನ ಮೇಲೇರಿತು. ವಾಪಸ್ ಕೊಟ್ಟು ಬರುತ್ತೇನೆ ಅಂದರೆ ತಾಯಿ ಬಿಡಲಿಲ್ಲ. ಹೋದರೆ ಮಾತಾಡಬೇಕಲ್ಲ.

ನಕ್ಕವನು ಒಬ್ಬನೇ, ಅಪ್ಪ. ಮಕ್ಕಳನ್ನು ಆಸ್ಪತ್ರೆಯ ಒಳಗೆ ಬಿಡುತ್ತಿರಲಿಲ್ಲ. ಎನಿಡ್ ಕೆಳಗೆ ಹುಲ್ಲಿನ ಮೇಲೆ ನಿಲ್ಲುತ್ತಿದ್ದಳು, ಅವನು ಮೇಲಿನ ಕಿಟಕಿಯಿಂದ ಕೈಬೀಸುತ್ತಿದ್ದ. ಆ ಭಾನುವಾರ ತಾಯಿ ಒಳಗೆ ಹೋಗಿ ಹೇಳಿದ್ದಳೆಂದು ಕಾಣುತ್ತದೆ, ಕಿಟಕಿಯಲ್ಲಿ ಅವನ ಹೆಗಲು ಕುಲುಕುವುದು ಕಂಡಿತು. ನಗುತ್ತ ನಗುತ್ತ ಕೆಮ್ಮಿದ, ಕೆಮ್ಮುತ್ತ ಬಗ್ಗಿದ. ವಾಪಸ್ ಬರುವ ಬಸ್ಸಿನಲ್ಲಿ ತಾಯಿ ಕಿಟಕಿಯಾಚೆ ನೋಡುತ್ತ, “ಕೇಕು ಹೆಂಗಿತ್ತು ಅಂತ ಕೇಳ್ತಿದ್ರು ನಿಮ್ಮಪ್ಪ” ಅಂದಳು.

“ಚೆನ್ನಾಗಿತ್ತು” ಅಂದಳು ಎನಿಡ್.

ಜನವರಿಯಲ್ಲಿ ಅವನು ನಿಜವಾಗಿ ಹೋದ. ಬೆಳಕು ಹರಿದ ಮೇಲೆ ಪೋಲೀಸಿನವನೊಬ್ಬ ಹಿಂಬಾಗಿಲಿಗೆ ಬಂದು ಸುದ್ದಿ ಹೇಳಿ, ಸೈಕಲ್ ತಳ್ಳಿಕೊಂಡು ಹೋದ. ಹಿಂದಿನ ಓಣಿಯಿಂದ ಬಂದವನನ್ನು ಯಾರೂ ನೋಡಲಿಲ್ಲ. ತಾಯಿ ಕೋಟು ಹಾಕಿಕೊಂಡೇ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಒಲೆಗೆ ಕಲ್ಲಿದ್ದಲು ಹಾಕಲಿಲ್ಲ.

“ಅಮ್ಮ, ಪರದೆ...”

“ಮುಟ್ಬೇಡ. ಯಾರೂ ನಂಬಲ್ಲ. ಮತ್ತೆ ಸೋಫಾ ಅಂತಾರೆ. ನಗ್ತಾರೆ. ನಿಮ್ಮಪ್ಪನ ಸಾವಿಗೆ ನಗೋಕೆ ಯಾರನ್ನೂ ಬಿಡಲ್ಲ ನಾನು.”

ಅಪ್ಪ ಸತ್ತದ್ದು ಯಾರಿಗೂ ಬೇಡವಾದ ಸುದ್ದಿಯಾಗಿ ಆ ತಣ್ಣನೆಯ ಅಡುಗೆಮನೆಯಲ್ಲೇ ಉಳಿಯುತ್ತದೆಂದು ಹುಡುಗಿಗೆ ಅನ್ನಿಸಿತು. ಸುಳ್ಳು ಸಾವಿಗೆ ಬೀದಿಯೇ ಬಂದಿತ್ತು! ಅವಳು ಸದ್ದಾಗದಂತೆ ಮುಂದಿನ ಕೋಣೆಗೆ ಹೋದಳು. ಸೋಫಾ ಬಿಳಿ ಹೊದಿಕೆ ಹೊದ್ದು ಮಲಗಿತ್ತು. ಕುರ್ಚಿ ಹತ್ತಿ ಪರದೆ ಎಳೆದಳು. ನಡುವೆ ಕಣ್ಣು ಹಿಡಿಸುವಷ್ಟು ಸಂದು ಬಿಟ್ಟುಕೊಂಡು ನೋಡುತ್ತ ನಿಂತಳು.

ಹಾಲಿನವನು ಬಾಟಲಿ ಕುಲುಕಿಸುತ್ತ ಹೋದ. ಮೂಲೆಮನೆಯ ಅಕ್ಕತಂಗಿಯರು ಬುಟ್ಟಿ ಹಿಡಿದು ಬಂದವರು ಕಿಟಕಿ ನೋಡಿ, ಒಬ್ಬರನ್ನೊಬ್ಬರು ತಿವಿದುಕೊಂಡು ಹೋದರು. ಯಾವ ಮನೆಯ ಪರದೆಯೂ ಅಲುಗಲಿಲ್ಲ. ಎನಿಡ್‌ಳ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಒರೆಸಿ ಒರೆಸಿ ನೋಡಿದಳು. ಎದುರು ಮನೆಯ ಹೊಸ್ತಿಲು ಉಜ್ಜುತ್ತ ಮಿಸೆಸ್ ಬ್ರಿಂಡಲ್ ಮೊಣಕಾಲ ಮೇಲಿದ್ದಳು. ಕಟ್‌ಬುಷ್ ಗೇಟಿನ ಹತ್ತಿರ ನಿಂತು ಈಚೆಗೆ ಕೈ ತೋರಿಸಿ, ಬೀದಿಗೆಲ್ಲ ಕೇಳುವ ಹಾಗೆ ಅಂದ, “ನೋಡ್ರೀ, ಗ್ಯಾರಡ್ ಮನೆ ಸೋಫಾಗೆ ಮತ್ತೆ ಬಿಸಿಲು ತಾಗ್ತಿದೆ!”

ಮಿಸೆಸ್ ಬ್ರಿಂಡಲ್ ನಕ್ಕಳು. ನಕ್ಕವಳು ಹಾಗೇ ತಲೆಯೆತ್ತಿ ಆಕಾಶ ನೋಡಿದಳು. ಆಕಾಶ ಪಾತ್ರೆ ತೊಳೆದ ನೀರಿನಂತೆ ಬೂದು ಬಣ್ಣಕ್ಕಿತ್ತು. ಒಂದು ವಾರದಿಂದ ಆ ಬೀದಿಗೆ ಸೂರ್ಯ ಕಂಡಿರಲಿಲ್ಲ.

“ಯಾವ ಬಿಸಿಲೋ ಮುಟ್ಠಾಳ” ಅಂದಳು. “ಯಾವ ಬಿಸಿಲು?”

ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು. ಅವಳ ಮುಂದಿನ ಕಿಟಕಿಯ ಪರದೆ ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು ಮುಚ್ಚಿಕೊಂಡಿತು. ಕಟ್‌ಬುಷ್ ಆ ಕಿಟಕಿ ನೋಡಿದ, ಈ ಕಿಟಕಿ ನೋಡಿದ, ಟೋಪಿ ತೆಗೆದ.

ಅವಳು ರಸ್ತೆ ದಾಟಿ ಬರಲಿಲ್ಲ. ಒಮ್ಮೆ ಬಂದು ಮುಖ ಸುಟ್ಟುಕೊಂಡವಳು, ಹೇಗೆ ಬಂದಾಳು? ಬೇರೆ ಯಾವ ಮನೆಯ ಪರದೆಯೂ ಆ ದಿನ ಮುಚ್ಚಲಿಲ್ಲ. ಎದುರಿನದು ಮಾತ್ರ ಮುಚ್ಚಿಯೇ ಇತ್ತು.

ಎಷ್ಟು ಹೊತ್ತಾಯಿತೋ, ತಾಯಿ ಬಂದು ಹಿಂದೆ ನಿಂತಿದ್ದಳು. ಬೈಯುತ್ತಾಳೆಂದು ಎನಿಡ್ ಹೆಗಲು ಕುಗ್ಗಿಸಿದಳು. ತಾಯಿ ಬಾಗಿ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಕುರ್ಚಿ ಎಳೆದು ಹತ್ತಿ, ಬೀರುವಿನ ಮೇಲಿನ ಡಬ್ಬಿ ಇಳಿಸಿದ ಸದ್ದು ಕೇಳಿತು. ನಲ್ಲಿ ಬಿಟ್ಟ ಸದ್ದು. ಕೋಟಿನ ತೋಳು ಮೇಲೇರಿಸಿ ಧೂಳು ಹಿಡಿದ ಆ ಹೂವಿನ ಡಬ್ಬಿಯನ್ನು ಅವಳು ಉಜ್ಜಿ ಉಜ್ಜಿ ತೊಳೆದಳು. ಒರೆಸಿದಳು. ಕಂಕುಳಲ್ಲಿಟ್ಟುಕೊಂಡು, ಆ ಜುಲೈಯಿಂದ ತೆಗೆಯದ ಮುಂಬಾಗಿಲ ಅಗುಳಿ ತೆಗೆದಳು.

“ಬಾ” ಅಂದಳು ಮಗಳಿಗೆ. “ಡಬ್ಬಿ ಕೊಟ್ಟು ಬರೋಣ.”